ಬರೆಯದ ರಾಜ್ಯಘಟನೆಯೂ ಕಿತ್ತೂರಿನ ದತ್ತಕವೂ

ಒಂದೇ ಗ್ರಂಥದಲ್ಲಿ ಬರೆದಿಡದ ರಾಜ್ಯಘಟನೆಯು ರಾಜ್ಯಘಟನೆಯೇ ಅಲ್ಲವೆಂದು ಸಾಧಿಸುವವರು ಒಂದು ಕಡೆ. ಇಂಗ್ಲಂಡವು ಬರಹವಿಲ್ಲದೆಯೇ ಬಾಳುತ್ತಿರುವುದರಿಂದ ಅಲ್ಲಿಯ ಜನರು ಜನ್ಮತಃ ನ್ಯಾಯಪರರೆಂದು ಕೊಂಡಾಡುವವರು ಮತ್ತೊಂದು ಕಡೆ. ಇವರಿಬ್ಬರ ಮಾತೂ ವಿಚಾರಕ್ಕೆ ನಿಲ್ಲತಕ್ಕುದಲ್ಲ. ಇದನ್ನರಿಯಲು ಮಲಪ್ರಭೆಯ ಸೀಮೆಯವರು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಕಿತ್ತೂರಿನ ಕೋಟೆಯವರೆಗೆ ನಡೆದರೆ ಸಾಕು.

‘ಅಲಿಖಿತ’ವೆಂಬ ಹೆಸರೇ ಮೊದಲು ತಪ್ಪು. 1215ರ ಮಹಾಸನದು, 1689ರ ಹಕ್ಕುಗಳ ಕಾಯದೆ, 1701ರ ಸಿಂಹಾಸನದ ಉತ್ತರಾಧಿಕಾರದ ಕಾಯದೆ, ಸರದಾರರ ಸಭೆಯ ಅಧಿಕಾರವನ್ನು ಮೊಟಕುಗೊಳಿಸಿದ 1911ರ ಕಾಯದೆ, ಇವೆಲ್ಲ ಬರಹಗಳೇ. ನ್ಯಾಯಾಲಯಗಳ ತೀರ್ಪುಗಳೂ ಬರಹಗಳೇ. ಬರೆಯದೆ ಉಳಿದುದು ರೂಢಿ. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಅರಸನು 1708ರಿಂದೀಚೆಗೆ ಸಮ್ಮತಿಯನ್ನು ನಿರಾಕರಿಸಿಲ್ಲ. ನಿರಾಕರಿಸಕೂಡದೆಂದು ಯಾವ ಕಾಯದೆಯೂ ಹೇಳುವುದಿಲ್ಲ. ಇದರಲ್ಲಿ ನಮ್ಮವರು ಬೆರಗಾಗುವುದೇಕೆ? ವೇದ, ಸ್ಮೃತಿಗಳೊಡನೆ ಸದಾಚಾರವನ್ನೂ ಧರ್ಮಕ್ಕೆ ಮೂಲವೆಂದು ಮನುವೇ ಎಣಿಸಿರುವನಷ್ಟೆ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ರಾಜಶಾಸನವಲ್ಲ, ಒಂದು ವ್ಯಾಖ್ಯಾನ. ಆದರೂ ಭಾರತದ ಬಹುಭಾಗದಲ್ಲಿ ದಾಯವಿಭಾಗವು ಅದರಂತೆ ನಡೆಯಿತು.

ಇನ್ನು ಕಿತ್ತೂರು. 1824ರ ಸಪ್ಟಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮನೆಯ ಬಾಲಕನನ್ನು ದತ್ತಕ ತೆಗೆದುಕೊಂಡಿರುವುದಾಗಿ ಸಂಸ್ಥಾನವು ತಿಳಿಸಿತು. ಧಾರವಾಡದ ಕಲೆಕ್ಟರ ಥ್ಯಾಕರೆಯು ಪತ್ರದ ರುಜುವನ್ನೂ ಕಾಲವನ್ನೂ ಶಂಕಿಸಿ, ದತ್ತಕವನ್ನು ಮನ್ನಿಸದೆ, ಖಜಾನೆಗೆ ಮುದ್ರೆಯೊತ್ತಿ ಕಾವಲಿಟ್ಟನು. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಆತನು ಮಡಿದನು. ಡಿಸೆಂಬರದಲ್ಲಿ ಕೋಟೆಯೂ ಬಿದ್ದಿತು. ಇದನ್ನು ಡಾಲ್‌ಹೌಸಿಯ ಕೃತ್ಯವೆಂದು ಭಾಷಣಗಳಲ್ಲಿ ಹೇಳುವ ಚಾಳಿಯೊಂದಿದೆ. ಅವನು ಗವರ್ನರ ಜನರಲ್‌ನಾಗಿ ಬಂದುದು 1848ರಲ್ಲಿ. ಕಿತ್ತೂರಿನ ಅನ್ಯಾಯಕ್ಕೆ ಅವನ ನೆರವು ಬೇಕಾಗಿರಲಿಲ್ಲ.

ತನ್ನ ದೇಶದಲ್ಲಿ ರೂಢಿಯನ್ನೇ ಸಿಂಹಾಸನದ ಮೇಲೆ ಕುಳ್ಳಿರಿಸಿದ ಜನಾಂಗದ ಅಧಿಕಾರಿಯು ಇಲ್ಲಿಗೆ ಬಂದು ‘ಕಾಗದವೆಲ್ಲಿ, ರುಜುವೆಲ್ಲಿ’ ಎಂದು ಕೇಳಿದನು! ದತ್ತಕಕ್ಕೆ ಮೇಲರಸನ ಮಾನ್ಯತೆ ಬೇಕಿದ್ದಿತಲ್ಲವೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ಹಗುರಾದುದಲ್ಲ, ನಜರಾಣೆ ಒಪ್ಪಿಸಿ ಮಾನ್ಯತೆ ಪಡೆಯುವ ವಾಡಿಕೆಯು ಪೇಶವಾಯಿಯಲ್ಲಿಯೂ ಇದ್ದಿತು. ಆದರೆ ನಜರಾಣೆಯನ್ನು ಕೇಳುವುದು ಬೇರೆ, ಸಂಸ್ಥಾನವನ್ನೇ ನುಂಗುವುದು ಬೇರೆ. ರೂಢಿಯ ಅರ್ಧವನ್ನು ಹಿಡಿದು ಅರ್ಧವನ್ನು ಬಿಡುವವನು ರೂಢಿಯನ್ನು ಪಾಲಿಸಿದಂತಾಗದು. ಸೋಜಿಗವೆಂದರೆ, 1868ರಲ್ಲಿ ರಾಮನಾಡಿನ ದತ್ತಕದ ವ್ಯಾಜ್ಯದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲೇ, ಹಿಂದೂ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾಗಿ ರುಜುವಾತಾದ ರೂಢಿಯು ಲಿಖಿತ ವಚನಕ್ಕಿಂತ ಬಲವತ್ತರವೆಂದು ಸಾರಿತು. ಕಿತ್ತೂರು ಅಳಿದು ಆಗ ನಾಲ್ವತ್ತುನಾಲ್ಕು ವರುಷಗಳಾಗಿದ್ದುವು.

ಹಾಗೆಂದು ಬರೆದುದೇ ಸರ್ವರಕ್ಷೆಯೆಂದು ಹಿಗ್ಗತಕ್ಕುದೂ ಅಲ್ಲ. 1950ರಿಂದ ನಡೆಯುತ್ತಿರುವ ಭಾರತದ ಲಿಖಿತ ಘಟನೆಯು ತನ್ನ 13ನೆಯ ಕಲಮಿನಲ್ಲಿ, ಕಾಯದೆಯ ಬಲವುಳ್ಳ ರೂಢಿಯನ್ನೂ ‘ಕಾಯದೆ’ಯೆಂದೇ ಎಣಿಸಿದೆ. 1973ರಲ್ಲಿ ಮೂವರು ಹಿರಿಯರನ್ನು ದಾಟಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರನ್ನು ನೇಮಿಸಿದಾಗ ಘಟನೆಯ ಒಂದಕ್ಷರವೂ ಮುರಿಯಲಿಲ್ಲ. ಮುರಿದುದು ಹಿರಿತನದ ರೂಢಿ.

ಆದುದರಿಂದ ಕೇಳತಕ್ಕ ಪ್ರಶ್ನೆಯು ಬರೆದಿದೆಯೋ ಇಲ್ಲವೋ ಎಂಬುದಲ್ಲ. ಬಲಿಷ್ಠನು ಕಟ್ಟಳೆಯನ್ನು ಮೀರಿದಾಗ ‘ನಿಲ್ಲು’ ಎನ್ನುವವರು ಯಾರು ಎಂಬುದು. 2019ರ ಸಪ್ಟಂಬರದಲ್ಲಿ ಪ್ರಧಾನಿಯ ಸಲಹೆಯಂತೆ ಪಾರ್ಲಿಮೆಂಟಿನ ಅಧಿವೇಶನವನ್ನು ಮುಗಿಸಿದುದು ಕಾಯದೆಬಾಹಿರವೆಂದು ಇಂಗ್ಲಂಡದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸಭೆಯು ಮರುದಿನವೇ ಸೇರಿತು. ಕಿತ್ತೂರಿನ ಪಾಲಿಗೆ ಅಂತಹ ಪೀಠವಿರಲಿಲ್ಲ. ಸಂಸ್ಥಾನವನ್ನು ಬಯಸಿದ ಕಂಪನಿಯೇ ದತ್ತಕದ ನ್ಯಾಯವನ್ನೂ ತೀರ್ಮಾನಿಸಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಾಲವಾದಳು. ಅವಳ ಸಮಾಧಿಯು ಆ ಊರಿನಲ್ಲಿಯೇ ಇದೆ.