ತೊಟ್ಟಿಲ ಬಳಿಯ ಕಾವಲು

2003ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಲಾಹೋರಿನಿಂದ ದಿಲ್ಲಿಯ ಬಸ್ಸು ಹತ್ತಿ ಬಂದ ಪುಟ್ಟ ಮಗುವೊಂದು ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋದುದನ್ನು ನಮ್ಮ ವಾಚಕರು ಮರೆತಿರಲಾರರು. ಪತ್ರಿಕೆಗಳು ವೈದ್ಯರನ್ನು ಕೊಂಡಾಡಿದುವು, ಉಚಿತವೇ. ಆದರೆ ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕಾರ್ಯ. ತರುವಾಯದ ಇರುಳುಗಳು ದಾದಿಯರವು.

ಉಸಿರಿನ ಕೊಳವೆಯು ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ತೀವ್ರನಿಗಾ ಘಟಕದ ಕೂಸು ಅತ್ತರೂ ಸದ್ದು ಕೇಳಿಸದು. ಹುಬ್ಬಿನ ಗಂಟನ್ನೂ, ಬೆರಳ ತುದಿಯ ಬಣ್ಣವನ್ನೂ, ಮೂತ್ರದ ಅಳತೆಯನ್ನೂ ನೋಡಿಯೇ ದಾದಿಯು ಅದರ ಪಾಡನ್ನು ತಿಳಿಯಬೇಕು. ಮದ್ದೆಲ್ಲವೂ ತೂಕದ ಲೆಕ್ಕ: 3 ಕಿಲೋಗ್ರಾಂ ಕೂಸಿಗೆ ದಶಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ 10 ಪಟ್ಟು ಔಷಧ ಒಳಸೇರುವುದು. ಆದುದರಿಂದಲೇ ಇಬ್ಬರು ಬೇರೆ ಬೇರೆಯಾಗಿ ಲೆಕ್ಕಹಾಕಿ ತಾಳೆ ನೋಡುವ ಪದ್ಧತಿ.

ಘಟಕದ ಮುಖ್ಯ ದಾದಿಯ ಹೊಣೆ ಬೇರೊಂದು ಬಗೆಯದು. ಹೊಸಬಳಿಗೆ ಅತಿ ವಿಷಮಸ್ಥಿತಿಯ ಕೂಸನ್ನು ಒಪ್ಪಿಸಲಾಗದು. ಎಂದೂ ಒಪ್ಪಿಸದಿದ್ದರೆ ಅವಳು ಕಲಿಯಳು. ತಪ್ಪನ್ನು ಒಪ್ಪಿಕೊಂಡವಳನ್ನು ಗದರಿಸಿದರೆ ಮುಂದಿನ ತಪ್ಪು ಮುಚ್ಚಿಹೋಗುವುದು. ಕೂಸು ತೀರಿಕೊಂಡ ರಾತ್ರಿ ಮೊದಲು ತಾಯಿಯ ಬಳಿ, ಆಮೇಲೆ ತನ್ನ ದಾದಿಯ ಬಳಿ ಕುಳಿತುಕೊಳ್ಳುವವಳು ಅವಳೇ.

ಮಗಳು ವೈದ್ಯಳಾಗುವೆನೆಂದರೆ ಹಿಗ್ಗುವ ನಾವು, ದಾದಿಯಾಗುವೆನೆಂದಾಗ ಮುಖ ಬಾಡಿಸಿದ್ದೆವು. ಈಗ ಅವಳು ವೈಟ್‌ಫೀಲ್ಡಿನ ಕಡೆ ರಾತ್ರಿಪಾಳಿಯಲ್ಲಿದ್ದಾಳೆ. ಹಬ್ಬದ ದಿನವೂ ಅವಳನ್ನು ಮಧ್ಯಾಹ್ನದ ಊಟಕ್ಕೆ ಎಬ್ಬಿಸುವುದಿಲ್ಲ, ಎಲೆಯೊಂದನ್ನು ತೆಗೆದಿಡುತ್ತೇವೆ.