ತಂಗಳನ್ನದ ತಪ್ಪು ಯಾರದು?

ಬೇಯಿಸಿದ ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಐದು ಸೂತ್ರಗಳಲ್ಲಿ ಹೇಳಿದೆ. ಮಾತು ಸರಿ. ಅಕ್ಕಿಯೊಡನೆ ಬರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜ ಕುದಿಯುವ ನೀರಿಗೂ ಸಾಯದು. ಅನ್ನ ಉಗುರುಬೆಚ್ಚಗಿದ್ದಷ್ಟು ಹೊತ್ತೂ ಅದು ಬೆಳೆದು ವಿಷ ಕಾರುತ್ತದೆ. ಆ ವಿಷ ಮತ್ತೆ ಬಿಸಿಮಾಡಿದರೂ, ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗದು. ಹೋಟೆಲು ಇಟ್ಟಿರುವ ಮಿತ್ರರು ಇದನ್ನು ಮರೆಯಬಾರದು.

ಆದರೆ ಬೆಳಗಿನ ಆರರ ಪಾಳಿಗೆ ಹೋಗುವ ಕಾರ್ಮಿಕನ ಬುತ್ತಿಯ ಅನ್ನ ಯಾವಾಗ ಬೇಯಬೇಕು? ರಾತ್ರಿಯೇ. ಫ್ರಿಜ್ಜಿಲ್ಲದ ಮನೆ, ಅಳೆದು ಉರಿಸುವ ಗ್ಯಾಸು, ಬಂದಾಗ ಬಂತು ಎನ್ನುವ ನಲ್ಲಿ. ಆ ತಾಯಿಗೆ ತಿಳಿವಳಿಕೆ ಸಾಲದೆಂದು ಭಾಷಣ ಬಿಗಿಯುವವರು ಒಂದು ವಾರ ಅವಳ ಒಲೆಯ ಮುಂದೆ ಕೂರಲಿ. ಮೇಷ್ಟರಾಗಿದ್ದಾಗ ಕೈ ತೊಳೆಯುವ ಪಾಠವನ್ನು ನಾವೂ ಮಾಡಿದ್ದೆವು. ಶಾಲೆಯ ತೊಟ್ಟಿಯಲ್ಲಿ ನೀರಿರಲಿಲ್ಲ!

ಸದ್ಯಕ್ಕೆ ಬುತ್ತಿಗೆ ರಾತ್ರಿಯ ಅನ್ನಕ್ಕಿಂತ ಒಣಗಿದ ಜೋಳದ ರೊಟ್ಟಿ ಲೇಸು. ಆದರೆ ರೊಟ್ಟಿ ಕಟ್ಟಿಕೊಟ್ಟು ನಾವು ಸುಮ್ಮನಾಗುವಂತಿಲ್ಲ. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಕ್ಯಾಂಟೀನು ಇಡಿಸಲು 1948ರ ಕಾರ್ಖಾನೆ ಕಾಯಿದೆಯೇ ದಾರಿ ಮಾಡಿತ್ತು. ಬೆಳಗಿನ ಪಾಳಿಗೆ ಅಲ್ಲಿ ಬಿಸಿ ಅನ್ನ ಸಿಗಬೇಕು, ನಮ್ಮ ಓಣಿಯ ನಲ್ಲಿಗೆ ದಿನವೂ ನೀರು ಬರಬೇಕು. ಮುಂದಿನ ಸಂಘದ ಸಭೆಯಲ್ಲಿ ಇವೆರಡನ್ನೂ ಠರಾವಿಗೆ ಇಡುತ್ತೇವೆ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿರಿ.