ಕಂಚುಕುಟಿಗನ ಬೆಟ್ಟದ ನೆಂಟರು

ಬೇಸಿಗೆ ಕಾಲಿಟ್ಟರೆ ಸಾಕು, ಮುಂಬಯಿಯ ನಮ್ಮ ಸೊಸೈಟಿಯ ಹಿಂದಿನ ಅತ್ತಿಮರದಿಂದ ಬೆಳಗ್ಗೆಯೇ 'ಟುಕ್ ಟುಕ್ ಟುಕ್' ಶುರು. ಯಾರೋ ಪಾತ್ರೆ ಬಡಿಯುತ್ತಿದ್ದಾರೆ ಎನಿಸಬೇಕು. ಅದು ಕಂಚುಕುಟಿಗ. ಹಸಿರು ಮೈ, ಹಣೆಯಲ್ಲೂ ಎದೆಯಲ್ಲೂ ಕುಂಕುಮವಿಟ್ಟಂಥ ಕೆಂಪು. ಮಲೆನಾಡಿನಿಂದ ಬಂದವರಿಗೆ ಇದರ ಅಣ್ಣನಂತಿರುವ ಕುಟ್ರುಹಕ್ಕಿಯ ಕೂಗು ಇನ್ನೂ ಕಿವಿಯಲ್ಲಿರುತ್ತದೆ.

ಈ ಕುಟುರ ಹಕ್ಕಿಗಳಿಗೆ ದಕ್ಷಿಣ ಅಮೆರಿಕದಲ್ಲಿ ನೆಂಟರಿದ್ದಾರೆ: ಟೂಕನ್‌ಗಳು. ಚಿತ್ರ ನೋಡಿದವರು 'ಇದು ನಮ್ಮ ದಾಂಡೇಲಿಯ ಮಂಗಟ್ಟೆ ಅಲ್ಲವೇ?' ಎನ್ನುತ್ತಾರೆ. ಅಲ್ಲ. ಮಂಗಟ್ಟೆಗೂ ಟೂಕನ್‌ಗೂ ಕೊಕ್ಕಿನ ಹೋಲಿಕೆಯಷ್ಟೇ, ರಕ್ತಸಂಬಂಧ ಹತ್ತಿರದ್ದಲ್ಲ. ಗಾತ್ರದಲ್ಲಿ ಏನೂ ಹೋಲದ ಪುಟ್ಟ ಕಂಚುಕುಟಿಗನೇ ಟೂಕನ್‌ಗೆ ಹೆಚ್ಚು ಹತ್ತಿರ.

ಟೂಕನ್ ಎಂದರೆ ಅಮೆಜಾನಿನ ಸೆಕೆಯ ಕಾಡು ನೆನಪಾಗುತ್ತದೆ. ಆದರೆ ನಾಲ್ಕು ಪ್ರಭೇದಗಳ ಒಂದು ಗುಂಪು ಬೆಟ್ಟ ಹತ್ತಿ ಕೂತಿದೆ. 1851ರಲ್ಲಿ ಜಾನ್ ಗೌಲ್ಡ್ ಇವುಗಳ ಕುಲಕ್ಕೆ 'ಆಂಡಿಜೀನಾ' ಎಂದು ಹೆಸರಿಟ್ಟ. ಆಂಡಿಸ್‌ನಲ್ಲಿ ಹುಟ್ಟಿದ್ದು ಎಂದರ್ಥ. ವೆನೆಜುವೆಲಾದಿಂದ ಬೊಲಿವಿಯಾದವರೆಗೆ, ಸದಾ ಮಂಜು ಮುಸುಕಿದ ಕಾಡುಗಳೇ ಇವುಗಳ ಮನೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಇವುಗಳಲ್ಲಿ ಕೆಲವು 3,000 ಮೀಟರ್ ದಾಟಿಯೂ ಬದುಕುತ್ತವೆ.

ಈಕ್ವೆಡಾರ್ ಮತ್ತು ಕೊಲಂಬಿಯಾದ ಪಶ್ಚಿಮ ಇಳಿಜಾರಿನಲ್ಲಿರುವುದು ಫಲಕಕೊಕ್ಕಿನ ಟೂಕನ್. ಉದ್ದ ಸುಮಾರು ಅರ್ಧ ಮೀಟರ್. ನೀಲಿಬೂದು ಎದೆ, ಕಪ್ಪು ನೆತ್ತಿ, ಪಕ್ಕೆಯಲ್ಲಿ ಹಳದಿ, ಬಾಲದಡಿ ಕೆಂಪು. ಕಪ್ಪು ಕೊಕ್ಕಿನ ಎರಡೂ ಬದಿಗೆ ದಂತದ ಬಣ್ಣದ ಬಿಲ್ಲೆ ಅಂಟಿಸಿದಂತಿದೆ. ಅಷ್ಟು ದೊಡ್ಡ ಕೊಕ್ಕು ಭಾರವಲ್ಲವೇ ಎಂದರೆ, ಒಳಗೆಲ್ಲ ಸ್ಪಂಜಿನಂಥ ಟೊಳ್ಳು ಮೂಳೆ.

ಇದರ ಮುಖ್ಯ ಊಟ ಹಣ್ಣು. ಇಡಿಯಾಗಿ ನುಂಗಿ, ದೊಡ್ಡ ಬೀಜವನ್ನು ಬಾಯಿಂದಲೇ ಹೊರಹಾಕುತ್ತದೆ. ಸಣ್ಣ ಬೀಜ ಹಿಕ್ಕೆಯಲ್ಲಿ ಹೋಗುತ್ತದೆ. ತಿಂದ ಮರದಿಂದ ದೂರ ಹಾರಿಹೋಗಿ ಹೀಗೆ ಉಗುಳಿದ ಬೀಜವೇ ಮುಂದಿನ ಮರ. ಕಾಡಿಗೆ ಕೂಲಿ ಕೇಳದ ತೋಟಗಾರ.

ಹಾಗೆಂದು ಸಾಧುವೇನಲ್ಲ. ಅದೇ ಕಾಡಿನಲ್ಲಿ ಟೂಕನ್ ಕುಟುರ ಎಂಬ ಹಕ್ಕಿಯಿದೆ. ಅದು ಒಣಮರ ಕೊರೆದು ಗೂಡು ಮಾಡಿದರೆ, ಈ ದೊಡ್ಡಣ್ಣ ಬಂದು ಕಸಿದುಕೊಳ್ಳುವುದುಂಟು. ಪೊಟರೆಯಿರುವ ಮರ ಕಡಿಮೆಯಾದಷ್ಟೂ ನೆಂಟರ ಜಗಳ ಹೆಚ್ಚು. ಹುಲ್ಲುಗಾವಲಿಗೂ ಬೇಸಾಯಕ್ಕೂ ಕಾಡು ಕಡಿದದ್ದು, ಪಂಜರದ ಆಸೆಗೆ ಹಿಡಿದು ಮಾರಿದ್ದು, ಎರಡೂ ಈ ಹಕ್ಕಿಗೆ ಕಂಟಕವಾಗಿವೆ.

ಒಂದು ಸಮಾಧಾನವೂ ಇದೆ. ಪ್ರಕೃತಿಗೂ ಹಕ್ಕುಗಳಿವೆ ಎಂದು ಈಕ್ವೆಡಾರ್ 2008ರ ಸಂವಿಧಾನದಲ್ಲೇ ಬರೆದುಕೊಂಡಿತು. 2021ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದೇ ಆಧಾರದ ಮೇಲೆ, ಲಾಸ್ ಸೆಡ್ರೋಸ್ ಎಂಬ ಮಂಜುಕಾಡಿನಲ್ಲಿ ಗಣಿಗಾರಿಕೆ ಕೂಡದು ಎಂದಿತು. ಕಾಗದದ ಮೇಲಿನ ಮಾತು ಕಾಡಿನ ಕೈಹಿಡಿದ ಅಪರೂಪದ ತೀರ್ಪು ಅದು.

ನಮ್ಮ ಅತ್ತಿಮರಕ್ಕೆ ಅಂಥ ಹಕ್ಕಿಲ್ಲ. ಕಳೆದ ಸಲ ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವವರು ಬಂದಾಗ, ಒಣಕೊಂಬೆಯಲ್ಲಿ ರೂಪಾಯಿ ಅಗಲದ ತೂತು ಕಂಡಿತು. ಒಳಗೆ ಮರಿಗಳ ಸದ್ದು. 'ಅಣ್ಣಾ, ಇದೊಂದನ್ನು ಬಿಡಿ' ಎಂದೆ. ಕಾರಿನ ಮೇಲೆ ಬಿದ್ದರೆ ಯಾರು ಹೊಣೆ ಎಂದು ಸೆಕ್ರೆಟರಿ ಗೊಣಗಿದರು. ಕೊನೆಗೆ ಕಾರನ್ನು ಹದಿನೈದು ದಿನ ಬೇರೆ ಕಡೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಕಾರು ನನ್ನದೇ.

ಈ ವಾರ ನಿಮ್ಮ ಕಟ್ಟಡದ ಸುತ್ತ ಆಲ, ಅತ್ತಿ, ಅರಳಿ ಇದ್ದರೆ ಒಮ್ಮೆ ತಲೆಯೆತ್ತಿ ನೋಡಿ. ಒಣಕೊಂಬೆಯಲ್ಲಿ ದುಂಡನೆಯ ತೂತಿದ್ದರೆ, ಕಡಿಯುವವರು ಬರುವ ಮೊದಲು ಕಮಿಟಿಗೆ ಒಂದು ಮಾತು ಹೇಳಿ.